ಮಗು ಬಿತ್ತು, ಹೇಳಬೇಕೋ ಬೇಡವೋ?

ಬಾಣಂತನಕ್ಕೆಂದು ಬಂದ ಅಜ್ಜಿ ವೀಸಾದ 6 ತಿಂಗಳು ಮುಗಿಸಿ ಊರಿಗೆ ಹೊರಟ ಮೇಲೆ, ಇಂಗ್ಲೆಂಡಿನಲ್ಲಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ಕೂಸು ಚೈಲ್ಡ್‌ಮೈಂಡರ್ ಕೈಗೆ ಬರುತ್ತದೆ. ಚೈಲ್ಡ್‌ಮೈಂಡರ್ ಎಂದರೆ ತನ್ನ ಮನೆಯಲ್ಲೇ ಹಣ ಪಡೆದು ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವವರು. 8 ವರ್ಷದೊಳಗಿನ ಮಗುವನ್ನು ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು ಹೀಗೆ ನೋಡಿಕೊಳ್ಳಲು, ಶಾಲೆ ಮತ್ತು ಮಕ್ಕಳ ಆರೈಕೆಯ ತಪಾಸಣೆ ನಡೆಸುವ ಆಫ್‌ಸ್ಟೆಡ್ ಸಂಸ್ಥೆಯಲ್ಲೋ ಚೈಲ್ಡ್‌ಮೈಂಡರ್ ಏಜೆನ್ಸಿಯಲ್ಲೋ ನೋಂದಣಿ ಆಗಿರಬೇಕು. ಈ ಕೆಲಸಕ್ಕೆ ಇಳಿಯುವ ನಮ್ಮ ಹೆಣ್ಣುಮಕ್ಕಳೂ ಇದ್ದಾರೆ. ಮಗುವಿಗೆ ಪೆಟ್ಟಾದಾಗ ಯಾರಿಗೆ ಏನು ಹೇಳಬೇಕು ಎಂಬುದರ ಸುತ್ತ ಎರಡೂ ಕಡೆ ತಪ್ಪು ನಂಬಿಕೆಗಳು ಬೆಳೆದಿವೆ.

“ಆಫ್‌ಸ್ಟೆಡ್‌ಗೆ ತಿಳಿಸಿದರೆ ನೋಂದಣಿ ಹೋಯಿತೆಂದೇ ಲೆಕ್ಕ.”

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಮಕ್ಕಳು ಬೀಳುತ್ತಾರೆ ಎಂಬುದು ಆಫ್‌ಸ್ಟೆಡ್‌ಗೂ ಗೊತ್ತು. ವರದಿ ಬಂದಾಗ ಅವರು ನೋಡುವುದು, ಏನಾಯಿತು, ಆ ಕ್ಷಣ ಏನು ಮಾಡಿದಿರಿ, ಮತ್ತೆ ಹಾಗಾಗದಂತೆ ಏನು ಬದಲಾಯಿಸಿದಿರಿ, ಮಕ್ಕಳು ಈಗಲೂ ಸುರಕ್ಷಿತರೇ ಎಂಬುದನ್ನು. ಹೆಚ್ಚಿನ ಮಾಹಿತಿ ಕೇಳಬಹುದು, ಪರಿಶೀಲನೆಗೆ ಬರಬಹುದು. ಮಕ್ಕಳಿಗೆ ಅಪಾಯವಿದೆ ಎನಿಸಿದರೆ ನೋಂದಣಿಯನ್ನು ಅಮಾನತಿನಲ್ಲೂ ಇಡಬಹುದು. ಈ ಸಾಧ್ಯತೆಯನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಗಂಭೀರ ಗಾಯವನ್ನು ಸಕಾರಣವಿಲ್ಲದೆ ತಿಳಿಸದೇ ಇರುವುದೇ ಅಲ್ಲಿ ಕಾನೂನಿನ ಪ್ರಕಾರ ಅಪರಾಧ. ಹೆದರಿ ಸುಮ್ಮನಿದ್ದವರು, ಬಿದ್ದದ್ದು ಆಕಸ್ಮಿಕವೇ ಆಗಿದ್ದರೂ, ತಾವಾಗಿಯೇ ತಪ್ಪಿತಸ್ಥರ ಸಾಲಿಗೆ ಸೇರುತ್ತಾರೆ. ಇದನ್ನು ಹೊಸಬರಿಗೆ ಯಾರೂ ಸರಿಯಾಗಿ ತಿಳಿಸಿ ಹೇಳುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

“ಆಸ್ಪತ್ರೆಗೆ ಹೋದರೆ ಗಂಭೀರ, ಹೋಗದಿದ್ದರೆ ಇಲ್ಲ.”

ಗಂಭೀರ ಯಾವುದು ಎಂಬುದಕ್ಕೆ ಆಫ್‌ಸ್ಟೆಡ್‌ನದೇ ಪಟ್ಟಿ ಇದೆ. ಮೂಳೆ ಮುರಿತ, ಪ್ರಜ್ಞೆ ತಪ್ಪುವುದು, ತೀವ್ರ ರಕ್ತಸ್ರಾವ, ಉಸಿರಾಟದ ತೊಂದರೆ, ಸ್ವಲ್ಪ ಹೊತ್ತಿಗಾದರೂ ಕಣ್ಣು ಕಾಣದಂತಾಗುವುದು, ತೀವ್ರ ಅಲರ್ಜಿ ಇವೆಲ್ಲ ಅದರಲ್ಲಿವೆ. ಭುಜ, ಮೊಣಕೈ, ಮೊಣಕಾಲು ಕೀಲು ತಪ್ಪಿದರೆ ಗಂಭೀರ; ಕೈಬೆರಳಿನದೋ ಕಾಲ್ಬೆರಳಿನದೋ ತಪ್ಪಿದರೆ ಸಣ್ಣ ಗಾಯ. ತರಚು, ಉಳುಕು, ಕಂದುಗಟ್ಟಿದ ಪೆಟ್ಟು, ಹುಳದ ಕಡಿತ, ಚಿಕ್ಕ ಸುಟ್ಟ ಗಾಯ ಇವನ್ನು ಆಫ್‌ಸ್ಟೆಡ್‌ಗೆ ತಿಳಿಸಬೇಕಿಲ್ಲ. ಹಾಗಾಗಿ ಕ್ಷಣಹೊತ್ತು ಪ್ರಜ್ಞೆ ತಪ್ಪಿ ಎದ್ದು, ಏನೂ ಆಗದಂತೆ ಆಟಕ್ಕೆ ಹೋದ ಮಗುವಿನ ವಿಷಯ ವರದಿಯಾಗಲೇಬೇಕು. ಗಂಭೀರ ಗಾಯವನ್ನು ಸ್ಥಳೀಯ ಮಕ್ಕಳ ರಕ್ಷಣಾ ವಿಭಾಗಕ್ಕೂ ತಿಳಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

“14 ದಿನ ಸಮಯವಿದೆಯಲ್ಲ, ಆಮೇಲೆ ನೋಡೋಣ.”

ನಿಯಮ ಹೇಳುವುದು ‘ಸಾಧ್ಯವಾದಷ್ಟು ಬೇಗ’ ಎಂದು. 14 ದಿನ ಎಂಬುದು ದಾಟಬಾರದ ಗೆರೆ. ತಂದೆ-ತಾಯಿಯ ವಿಷಯದಲ್ಲಿ ಇಷ್ಟು ಸಡಿಲವೂ ಇಲ್ಲ. ಪೆಟ್ಟು ಎಷ್ಟೇ ಚಿಕ್ಕದಿರಲಿ, ಏನಾಯಿತು, ಏನು ಪ್ರಥಮ ಚಿಕಿತ್ಸೆ ಕೊಟ್ಟಿರಿ ಎಂಬುದನ್ನು ಅದೇ ದಿನ, ಆಗದಿದ್ದರೆ ಆದಷ್ಟು ಬೇಗ ಹೇಳಲೇಬೇಕು. ಬರೆದೂ ಇಡಬೇಕು.

“ಸಣ್ಣಪುಟ್ಟದ್ದನ್ನೆಲ್ಲ ಬರೆಯುತ್ತ ಕೂರಲಾಗುತ್ತದೆಯೇ?”

ಬರೆಯಲೇಬೇಕು. ಹೇಗೆ ಬರೆಯುತ್ತೀರಿ ಎನ್ನುವುದೂ ಮುಖ್ಯ. “ಆಡುವಾಗ ಬಿದ್ದ, ಸ್ವಲ್ಪ ಪೆಟ್ಟಾಯಿತು” ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಒಳ್ಳೆಯ ದಾಖಲೆ ಹೀಗಿರುತ್ತದೆ: “ಬೆಳಗ್ಗೆ 10.40. ಹಿತ್ತಲ ಬಾಗಿಲಿನ ಮೆಟ್ಟಿಲು. ಒಳಗೆ ಓಡಿ ಬರುವಾಗ ಎಡವಿ ಮುಂದಕ್ಕೆ ಬಿದ್ದ. ನಾನು ಬಾಗಿಲ ಬಳಿಯೇ ಇದ್ದೆ. ಬಲ ಹುಬ್ಬಿನ ಮೇಲೆ ಸುಮಾರು 2 ಸೆಂ.ಮೀ. ಬುಗುಟು, ಚರ್ಮ ಒಡೆದಿಲ್ಲ. ಕೂಡಲೇ ಅತ್ತ. ಬಟ್ಟೆ ಸುತ್ತಿದ ತಣ್ಣನೆಯ ಪ್ಯಾಕ್ 10 ನಿಮಿಷ ಹಿಡಿದೆ. ವಾಂತಿ, ಮಂಪರು ಇಲ್ಲ. 10.55ಕ್ಕೆ ತಾಯಿಗೆ ಫೋನ್ ಮಾಡಿದೆ.” ಸಂಜೆ ಮಗುವಿಗೆ ವಾಂತಿ ಶುರುವಾದರೆ ಆಸ್ಪತ್ರೆಯ ವೈದ್ಯರು ಮೊದಲು ಕೇಳುವುದೇ ಈ ವಿವರಗಳನ್ನು. ತಲೆಗೆ ಬಿದ್ದ ಪೆಟ್ಟಿನಲ್ಲಿ ಗಂಟೆಗಳ ಲೆಕ್ಕ ಮಗುವಿನ ಜೀವದ ಲೆಕ್ಕವೂ ಆಗಬಹುದು.

ಪ್ರತಿ ಮಗುವಿಗೂ ಬೇರೆ ಹಾಳೆ ಇರಲಿ. ಇನ್ನೊಂದು ಮಗು ಕಚ್ಚಿದ್ದರೆ, ‘ಮತ್ತೊಂದು ಮಗು’ ಎಂದಷ್ಟೇ ಬರೆಯಿರಿ, ಹೆಸರು ಬೇಡ. ಕಚ್ಚಿದ್ದು ಯಾರೆಂದು ಕೇಳುವ ತಾಯಂದಿರ ಸಂಕಟ ಅರ್ಥವಾಗುತ್ತದೆ, ಆದರೂ ಆ ಪುಟ್ಟ ಮಗುವಿನ ಮಾನವನ್ನೂ ಕಾಯಬೇಕಲ್ಲ.

“ತಾಯಿ ಸಹಿ ಹಾಕಿದ್ದಾರೆ, ಅಲ್ಲಿಗೆ ಮುಗಿಯಿತು.”

ಸಹಿ ತೋರಿಸುವುದು ಅವರಿಗೆ ವಿಷಯ ತಿಳಿದಿದೆ ಎಂಬುದನ್ನು ಮಾತ್ರ. ಪರಿಹಾರ ಕೇಳುವ ಹಕ್ಕು ಅದರಿಂದ ಹೋಗುವುದಿಲ್ಲ. ಬಾಲ್ಯದಲ್ಲಿ ಆದ ಗಾಯಕ್ಕೆ ಇಂಗ್ಲೆಂಡಿನ ಕಾನೂನು 18 ತುಂಬಿದ ಮೇಲೆ ಸಾಮಾನ್ಯವಾಗಿ ಇನ್ನೂ 3 ವರ್ಷ ಅವಕಾಶ ಕೊಡುತ್ತದೆ. ಆದ್ದರಿಂದ ಹಾಳೆಯನ್ನು ಮಗುವಿಗೆ 21 ದಾಟುವವರೆಗೂ ಜೋಪಾನವಾಗಿಡುವುದು ಒಳ್ಳೆಯದು.

“ಮನೆಯಲ್ಲಿ ಆದ ಗಾಯಕ್ಕೂ ನಮಗೂ ಸಂಬಂಧವಿಲ್ಲ.”

ಇದೆ. ಬೆಳಗ್ಗೆ ಮಗು ಬಂದಾಗಲೇ ಗಾಯವಿದ್ದರೆ, ಹೇಗಾಯಿತೆಂದು ಕೇಳಿ, ತಂದೆ-ತಾಯಿ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳುವುದು ಚೈಲ್ಡ್‌ಮೈಂಡರ್‌ನ ಕರ್ತವ್ಯ. ನಮ್ಮವರಿಗೆ ಇದು ಅನುಮಾನದ ಮಾತಿನಂತೆ ಕೇಳಿಸುತ್ತದೆ. “ನಮ್ಮ ಮಗುವನ್ನು ನಾವೇ ಹೊಡೆದೆವು ಎನ್ನುತ್ತಾರೆಯೇ” ಎಂದು ನೊಂದುಕೊಳ್ಳುತ್ತಾರೆ. ಆ ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತಾರೆ. ಹಾಗೆ ಕೇಳುವುದರಿಂದಲೇ ನಿಜವಾಗಿ ಏಟು ತಿನ್ನುತ್ತಿರುವ ಮಗು ಯಾರದೋ ಕಣ್ಣಿಗೆ ಬೀಳುವುದು.

ನಮ್ಮ ಕೂಸುಗಳ ಮಟ್ಟಿಗೆ ಒಂದು ವಿಶೇಷ ಎಚ್ಚರಿಕೆಯೂ ಬೇಕು. ಸೊಂಟದ ಕೆಳಗೆ, ಕುಂಡೆಯ ಮೇಲೆ, ಕೆಲವೊಮ್ಮೆ ಬೆನ್ನು, ಭುಜದ ಮೇಲೆ ನೀಲಿ-ಬೂದು ಬಣ್ಣದ ಹುಟ್ಟುಮಚ್ಚೆ ಕಂದುಬಣ್ಣದ ಮಕ್ಕಳಲ್ಲಿ ಸಾಮಾನ್ಯ. ನೋಡುವುದಕ್ಕೆ ಪೆಟ್ಟಿನ ಕಲೆಯಂತೆಯೇ ಇರುತ್ತದೆ. ಪೆಟ್ಟಿನ ಕಲೆ ದಿನದಿನಕ್ಕೆ ಬಣ್ಣ ಬದಲಿಸುತ್ತದೆ, ಮುಟ್ಟಿದರೆ ನೋಯುತ್ತದೆ. ಈ ಮಚ್ಚೆ ಹಾಗೆಯೇ ಇದ್ದು, ಸಾಮಾನ್ಯವಾಗಿ 4 ವರ್ಷದ ಹೊತ್ತಿಗೆ ಮಾಸುತ್ತದೆ. ಇನ್ನೂ ಬೋರಲಾಗದ, ಅಂಬೆಗಾಲಿಡದ ಕೂಸಿನ ಮೈಮೇಲೆ ಕಲೆ ಕಂಡರೆ ಅಲ್ಲಿನವರು ಗಾಬರಿಯಾಗುವುದು ಸಹಜ, ಆಗಬೇಕು ಕೂಡ. ಅದಕ್ಕೇ ಮಗು ಹುಟ್ಟಿದಾಗ ಕೊಡುವ ರೆಡ್ ಬುಕ್ ಎಂಬ ಆರೋಗ್ಯ ದಾಖಲೆಯ ಪುಸ್ತಕದಲ್ಲಿ ಮಚ್ಚೆ ಎಲ್ಲಿದೆ, ಎಷ್ಟು ದೊಡ್ಡದು ಎಂಬುದನ್ನು ಸೂಲಗಿತ್ತಿಯಿಂದಲೋ ಹೆಲ್ತ್ ವಿಸಿಟರ್ ಎಂಬ ಮಕ್ಕಳ ಆರೋಗ್ಯ ನೋಡುವ ದಾದಿಯಿಂದಲೋ ಬರೆಸಿಕೊಳ್ಳಿ. ಮಗುವನ್ನು ಬಿಡುವ ಮೊದಲ ದಿನವೇ ಆ ಪುಟ ತೆರೆದು, ಡೈಪರ್ ಬದಲಿಸುವಾಗ ಮಚ್ಚೆಯನ್ನೂ ಚೈಲ್ಡ್‌ಮೈಂಡರ್‌ಗೆ ತೋರಿಸಿ.