ಇ-ಪೋಸ್ಟರ್ ಅಂದ್ರೆ ಫ್ಲೆಕ್ಸ್ ಅಲ್ಲ: ವಿಜ್ಞಾನ ಸಮ್ಮೇಳನಕ್ಕೆ ಫೈಲ್ ಕಳಿಸುವ ಮುನ್ನ ಇಷ್ಟು ಗೊತ್ತಿರಲಿ

ರಾತ್ರಿ ಒಂಬತ್ತೂವರೆ. ಡಿಟಿಪಿ ಅಂಗಡಿಯವರು ಶಟರ್ ಎಳೆಯೋ ಹೊತ್ತಿಗೆ ಕಾಲೇಜು ವಿದ್ಯಾರ್ಥಿಯೊಬ್ಬ ಪೆನ್‌ಡ್ರೈವ್ ಹಿಡಿದುಕೊಂಡು ಓಡಿ ಬರುತ್ತಾನೆ. "ಅಣ್ಣಾ, ಇವತ್ತೇ ಲಾಸ್ಟ್ ಡೇಟ್, ಒಂದು ಇ-ಪೋಸ್ಟರ್ ಮಾಡಿಕೊಡಿ" ಅಂತಾನೆ. ಅಂಗಡಿಯವರು "ಎಷ್ಟು ಅಡಿ? ಗೂಟ ಬೇಕಾ, ಬರೀ ಶೀಟಾ?" ಅಂತ ಕೇಳ್ತಾರೆ. ಇಬ್ಬರಿಗೂ ಗಲಿಬಿಲಿ.

ಕಾಲೇಜು ಇರುವ ತಾಲ್ಲೂಕು ಕೇಂದ್ರಗಳಲ್ಲಿ ಇಂಥ ದೃಶ್ಯ ಈಗ ಅಪರೂಪವೇನಲ್ಲ. ಎಂಎಸ್ಸಿ, ನರ್ಸಿಂಗ್, ಫಾರ್ಮಸಿ, ಕೃಷಿ, ಮೆಡಿಕಲ್ ಓದುವ ಮಕ್ಕಳು ಸಮ್ಮೇಳನಗಳಿಗೆ ಪೋಸ್ಟರ್ ಕಳಿಸುತ್ತಿದ್ದಾರೆ. ಆದರೆ ತಿಂಗಳುಗಟ್ಟಲೆ ಮಾಡಿದ ಕೆಲಸ ಫೈಲ್ ಸೈಜ್ ಜಾಸ್ತಿ ಆಯ್ತು ಅಂತಲೋ, ಅಕ್ಷರ ಒಡೆದುಹೋಯ್ತು ಅಂತಲೋ ವಾಪಸ್ ಬಂದರೆ ಕಟ್ಟಿದ ನೋಂದಣಿ ಶುಲ್ಕವೂ ಹೋಗುತ್ತೆ, ಅವಕಾಶವೂ ಹೋಗುತ್ತೆ. ಹಾಗಾಗಿ ಮಕ್ಕಳಿಗೂ, ಮನೆಯವರಿಗೂ, ಅಂಗಡಿಯವರಿಗೂ ಒಂದಿಷ್ಟು ಮಾಹಿತಿ ಇಲ್ಲಿದೆ.

ಏನಿದು ಇ-ಪೋಸ್ಟರ್?

ಸಮ್ಮೇಳನಕ್ಕೆ ಬಂದ ಎಲ್ಲರಿಗೂ ವೇದಿಕೆ ಮೇಲೆ ಮಾತಾಡಲು ಟೈಮ್ ಸಿಗಲ್ಲ. ಅದಕ್ಕೇ ಕೆಲವರಿಗೆ, "ನಿಮ್ಮ ಅಧ್ಯಯನವನ್ನು ಒಂದು ದೊಡ್ಡ ಹಾಳೆಯಲ್ಲಿ ಹಾಕಿ, ಪಕ್ಕದಲ್ಲಿ ನಿಂತು ಬಂದವರಿಗೆ ವಿವರಿಸಿ" ಅನ್ನುತ್ತಾರೆ. ಇದೇ ಪೋಸ್ಟರ್ ಪ್ರೆಸೆಂಟೇಷನ್. ಮೈಸೂರಿನಲ್ಲಿ 2016ರ ಜನವರಿಯಲ್ಲಿ, ಬೆಂಗಳೂರಿನ ಜಿಕೆವಿಕೆಯಲ್ಲಿ 2020ರ ಜನವರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ ನಡೆದಿತ್ತಲ್ಲ, ಅಂಥ ಸಮ್ಮೇಳನಗಳಲ್ಲಿ ಭಾಷಣದ ಜೊತೆಗೆ ಪೋಸ್ಟರ್‌ಗೂ ಜಾಗ ಇರುತ್ತೆ.

ಅದೇ ಪೋಸ್ಟರನ್ನು ಪ್ರಿಂಟ್ ಹಾಕದೆ ಫೈಲ್ ರೂಪದಲ್ಲಿ ಕಳಿಸಿ, ಅಲ್ಲಿ ದೊಡ್ಡ ಟಿವಿ ಪರದೆ ಮೇಲೋ ವೆಬ್‌ಸೈಟಿನಲ್ಲೋ ತೋರಿಸಿದರೆ ಅದು ಇ-ಪೋಸ್ಟರ್. ವಿಯೆನ್ನಾದಲ್ಲಿ ನಡೆಯುವ ಯುರೋಪಿನ ರೇಡಿಯಾಲಜಿ ಕಾಂಗ್ರೆಸ್ 2003ರಲ್ಲೇ ಎಲೆಕ್ಟ್ರಾನಿಕ್ ಪೋಸ್ಟರ್ ವ್ಯವಸ್ಥೆ ತಂದಿತ್ತು. ಕೊರೊನಾ ಕಾಲದಲ್ಲಿ ಸಮ್ಮೇಳನಗಳೇ ಆನ್‌ಲೈನ್ ಆದಾಗ ಇದು ಎಲ್ಲ ಕಡೆ ಹಬ್ಬಿತು. ಪ್ರಿಂಟ್ ಖರ್ಚಿಲ್ಲ, ಬಸ್ಸಲ್ಲಿ ಉದ್ದನೆ ಟ್ಯೂಬ್ ಹಿಡಿದು ಹೋಗೋ ಕಷ್ಟವೂ ಇಲ್ಲ.

ನೇರವಾಗಿ ಪೋಸ್ಟರ್ ಕಳಿಸೋ ಹಾಗಿಲ್ಲ

ಮೊದಲು ಸಾರಾಂಶ ಕಳಿಸಬೇಕು. ಇದಕ್ಕೆ ಅಬ್‌ಸ್ಟ್ರಾಕ್ಟ್ ಅಂತಾರೆ. ಸಾಮಾನ್ಯವಾಗಿ 250-300 ಪದ. ಆಯೋಜಕರು ಅದನ್ನು ಓದಿ ಒಪ್ಪಿದರೆ ಮೇಲ್ ಬರುತ್ತೆ, ಅದರಲ್ಲಿ ಒಂದು ನಂಬರ್ ಇರುತ್ತೆ. ಆಮೇಲೆ ಶುಲ್ಕ ಕಟ್ಟಿ ನೋಂದಣಿ. ಅದಾದ ಮೇಲೆ ಪೋಸ್ಟರ್ ಅಪ್‌ಲೋಡ್. ಕೊನೆಗೆ ಹೇಳಿದ ದಿನ ಪರದೆ ಮುಂದೆ ನಿಂತು ಕೆಲವೇ ನಿಮಿಷ ವಿವರಿಸಬೇಕು.

ಇಲ್ಲಿ ಎರಡು ಕಡೆ ಮಕ್ಕಳು ಎಡವುತ್ತಾರೆ. ಸಾರಾಂಶ ಒಪ್ಪಿಗೆ ಆಯ್ತು ಅಂತ ಖುಷಿಯಲ್ಲಿ ನೋಂದಣಿ ಮರೆಯುವುದು ಒಂದು. ಸಾರಾಂಶದಲ್ಲಿ ಒಂದು ಶೀರ್ಷಿಕೆ, ಪೋಸ್ಟರ್‌ನಲ್ಲಿ ಇನ್ನೊಂದು ಶೀರ್ಷಿಕೆ ಹಾಕುವುದು ಮತ್ತೊಂದು. ಶೀರ್ಷಿಕೆ, ಲೇಖಕರ ಹೆಸರು, ಹೆಸರಿನ ಕ್ರಮ ಎರಡರಲ್ಲೂ ಒಂದೇ ಇರಬೇಕು. ಸರ್ಟಿಫಿಕೇಟ್ ಕೂಡ ಸಾಮಾನ್ಯವಾಗಿ ಅದೇ ಹೆಸರಿನಲ್ಲಿ ಬರೋದು. ಇನಿಷಿಯಲ್ ತಪ್ಪಿದ್ರೆ ಆಮೇಲೆ ಓಡಾಟ.

ಮೊದಲು ಸೂಚನೆ, ಆಮೇಲೆ ಡಿಸೈನ್

ಪ್ರತಿ ಸಮ್ಮೇಳನಕ್ಕೂ ಅದರದ್ದೇ ಸೂಚನೆ ಇರುತ್ತೆ. ಕಂಪ್ಯೂಟರ್ ಮುಂದೆ ಕೂರುವ ಮೊದಲು ಐದು ವಿಷಯ ಚೀಟಿಯಲ್ಲಿ ಬರೆದುಕೊಳ್ಳಿ:

1. ಫೈಲ್ ಯಾವುದು: ಪಿಡಿಎಫ್, ಪಿಪಿಟಿ, ಜೆಪೆಗ್?
2. ಅಡ್ಡ ಇರಬೇಕಾ, ಉದ್ದ ಇರಬೇಕಾ? ಅಳತೆ ಎಷ್ಟು?
3. ಎಷ್ಟು ಎಂಬಿ ಒಳಗೆ?
4. ಒಂದೇ ಪುಟವೋ, ಹಲವು ಸ್ಲೈಡೋ? ವಿಡಿಯೊ, ಧ್ವನಿಗೆ ಅವಕಾಶ ಇದೆಯಾ?
5. ಫೈಲ್ ಹೆಸರು ಹೇಗಿರಬೇಕು, ಕೊನೆ ದಿನ, ಕೊನೆ ಗಂಟೆ ಯಾವುದು?

ಫ್ಲೆಕ್ಸ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಅಳತೆಯದು. ಫ್ಲೆಕ್ಸ್ ಅಡಿ ಲೆಕ್ಕ, ಇ-ಪೋಸ್ಟರ್ ಪಿಕ್ಸೆಲ್ ಲೆಕ್ಕ. ಟಿವಿ ಪರದೆ 16ಕ್ಕೆ 9ರ ಅನುಪಾತದಲ್ಲಿ ಅಡ್ಡ ಇರುತ್ತೆ. ಉದ್ದದ ಪೋಸ್ಟರ್ ಮಾಡಿ ಕಳಿಸಿದರೆ ಎರಡೂ ಪಕ್ಕ ಖಾಲಿ ಬಿದ್ದು, ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತೆ. ಪ್ರಿಂಟ್‌ಗೆ ಬಳಸುವ ಸಿಎಂವೈಕೆ ಬಣ್ಣ ಇಲ್ಲಿ ಬೇಡ, ಪರದೆಗೆ ಆರ್‌ಜಿಬಿ ಸಾಕು.

ಪವರ್‌ಪಾಯಿಂಟಲ್ಲೇ ಆಗುತ್ತೆ

ಕೋರೆಲ್‌ಡ್ರಾ, ಫೋಟೊಶಾಪ್ ಬೇಕೇ ಬೇಕು ಅಂತಿಲ್ಲ. ಪವರ್‌ಪಾಯಿಂಟ್ ತೆರೆದು ಡಿಸೈನ್ ಮೆನುವಿನಲ್ಲಿ ಸ್ಲೈಡ್ ಸೈಜ್ ಅಂತ ಇರುತ್ತೆ. ಅಳತೆಯನ್ನು ಅಲ್ಲಿ ಮೊದಲೇ ಹಾಕಿ. ಎಲ್ಲ ಜೋಡಿಸಿದ ಮೇಲೆ ಅಳತೆ ಬದಲಿಸಿದರೆ ಚಿತ್ರ, ಬಾಕ್ಸ್ ಎಲ್ಲ ಜಾಗ ಬಿಟ್ಟು ಓಡುತ್ತವೆ.

ಒಂದು ಉಪಯೋಗದ ವಿಷಯ. ಸಾಮಾನ್ಯ ಅಗಲದ ಸ್ಲೈಡ್ 13.33 ಇಂಚು ಅಗಲ, 7.5 ಇಂಚು ಎತ್ತರ ಇರುತ್ತೆ. ಅದನ್ನು ಮಾಮೂಲಿ ಸೆಟ್ಟಿಂಗ್‌ನಲ್ಲಿ ಜೆಪೆಗ್ ಮಾಡಿದರೆ 1280 ಗುಣಿಸು 720 ಪಿಕ್ಸೆಲ್ ಬರುತ್ತೆ. ಆಯೋಜಕರು 1920 ಗುಣಿಸು 1080 ಕೇಳಿದ್ದರೆ ಸಾಲಲ್ಲ. ಆಗ ಸ್ಲೈಡನ್ನು 20 ಇಂಚು ಗುಣಿಸು 11.25 ಇಂಚಿಗೆ ಇಟ್ಟುಕೊಂಡು ಶುರು ಮಾಡಿದರೆ ಸರಿಹೋಗುತ್ತೆ.

ಏನು ಬರೀಬೇಕು? ಎಷ್ಟು ಬರೀಬೇಕು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪಾವಗಡ ಕಡೆಯ ಒಬ್ಬ ವಿದ್ಯಾರ್ಥಿನಿ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಅಳೆದಿದ್ದಾಳೆ ಅನ್ನಿ. ಆ ಕಡೆ ಫ್ಲೋರೈಡ್ ಸಮಸ್ಯೆ ಹಳೆಯದು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಒಪ್ಪಬಹುದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೂ ಮೂಳೆಗೂ ತೊಂದರೆ.

ಅವಳ ಪೋಸ್ಟರ್‌ನಲ್ಲಿ ಇರಬೇಕಾದದ್ದು ಇಷ್ಟು: ಯಾಕೆ ಈ ಅಧ್ಯಯನ, ಎಲ್ಲಿಂದ ಎಷ್ಟು ಮಾದರಿ ತೆಗೆದದ್ದು, ಯಾವ ವಿಧಾನದಲ್ಲಿ ಅಳೆದದ್ದು, ಏನು ಸಿಕ್ಕಿತು, ಅದರ ಅರ್ಥ ಏನು. ಊರುಗಳ ಒಂದು ನಕ್ಷೆ, ಮಿತಿಯ ಗೆರೆ ಎಳೆದ ಒಂದು ಕಂಬ ಗ್ರಾಫ್. ಅಷ್ಟಿದ್ದರೆ ನಿಂತು ನೋಡುವವರಿಗೆ ಅರ್ಥ ಆಗುತ್ತೆ. ಪ್ರಾಜೆಕ್ಟ್ ರಿಪೋರ್ಟನ್ನು ಪೂರ್ತಿ ಕಾಪಿ-ಪೇಸ್ಟ್ ಮಾಡಿದರೆ ಯಾರೂ ಓದಲ್ಲ.

ಅಮೆರಿಕದಲ್ಲಿ ಮನಶ್ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಮೈಕ್ ಮಾರಿಸನ್ 2019ರಲ್ಲಿ ಒಂದು ವಿಡಿಯೊದಲ್ಲಿ ಇದನ್ನೇ ಹೇಳಿದ್ದರು: ಮುಖ್ಯ ಫಲಿತಾಂಶವನ್ನು ಒಂದೇ ವಾಕ್ಯದಲ್ಲಿ, ದಪ್ಪ ಅಕ್ಷರದಲ್ಲಿ ನಡುವೆ ಹಾಕಿ, ಉಳಿದದ್ದು ಪಕ್ಕದಲ್ಲಿರಲಿ. ನಮ್ಮ ಅಂಗಡಿಗಳ ಬೋರ್ಡಿನ ಲೆಕ್ಕವೂ ಅದೇ ತಾನೇ? ರಸ್ತೆಯಲ್ಲಿ ಹೋಗುವವನಿಗೆ "ಇಲ್ಲಿ ಏನು ಸಿಗುತ್ತೆ" ಅಂತ ಒಂದೇ ನೋಟಕ್ಕೆ ತಿಳೀಬೇಕು.

ಸಾಮಾನ್ಯ ಅಳತೆಯ ಸ್ಲೈಡಿನಲ್ಲಿ ಒಳಗಿನ ಅಕ್ಷರ 16-18 ಪಾಯಿಂಟಿಗಿಂತ ಕಡಿಮೆ ಆಗದಂತೆ ನೋಡಿಕೊಂಡರೆ ಒಳ್ಳೆಯದು. ಸ್ಲೈಡ್ ದೊಡ್ಡದಾದರೆ ಅಕ್ಷರವೂ ಅದೇ ಲೆಕ್ಕದಲ್ಲಿ ದೊಡ್ಡದಾಗಲಿ. ಗ್ರಾಫಿನಲ್ಲಿ ಕೆಂಪು-ಹಸಿರು ಜೋಡಿ ಬೇಡ, ಕೆಲವರಿಗೆ ಆ ಎರಡು ಬಣ್ಣದ ವ್ಯತ್ಯಾಸ ಕಾಣಲ್ಲ. ನೀಲಿ-ಕಿತ್ತಳೆ ಆದೀತು.

ಫೋಟೊ ಹಾಕುವಾಗ ಹುಷಾರ್

ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿರುತ್ತೆ. ದೊಡ್ಡ ಪರದೆಯಲ್ಲಿ ಮಸುಕು. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೇಬಲ್ ಹಾಕಿ ತೆಗೆದುಕೊಳ್ಳಿ.

ಇನ್ನೊಂದು ವಿಷಯ ಫೋಟೊದಲ್ಲಿರುವ ಜನರದ್ದು. ಹಲ್ಲು ಹಳದಿಯಾದ ಮಗುವಿನ ಮುಖ, ರೋಗಿಯ ಹೆಸರಿರುವ ಎಕ್ಸ್‌ರೇ ಇವನ್ನು ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಪವರ್‌ಪಾಯಿಂಟಿನಲ್ಲಿ ಕ್ರಾಪ್ ಮಾಡಿ ಹೆಸರು ಮರೆಸಿದರೂ, ಕತ್ತರಿಸಿದ ಭಾಗ ಪಿಪಿಟಿ ಫೈಲಿನ ಒಳಗೆ ಹಾಗೇ ಉಳಿದಿರುತ್ತೆ. ಬೇರೆಯವರು ಕ್ರಾಪ್ ತೆಗೆದರೆ ಪೂರ್ತಿ ಚಿತ್ರ ಮತ್ತೆ ಕಾಣುತ್ತೆ. ಕಂಪ್ರೆಸ್ ಪಿಕ್ಚರ್ಸ್ ಆಯ್ಕೆಗೆ ಹೋಗಿ ಕತ್ತರಿಸಿದ ಭಾಗ ಅಳಿಸುವ ಗುರುತು ಹಾಕಿ. ಫೈಲ್ ತೂಕವೂ ಇಳಿಯುತ್ತೆ, ಗುಟ್ಟೂ ಉಳಿಯುತ್ತೆ.

ಕನ್ನಡ ಅಕ್ಷರ ಒಡೆಯೋದು ಯಾಕೆ?

ಊರಿನ ಹೆಸರೋ, ಪ್ರಶ್ನಾವಳಿಯ ಸಾಲೋ ಕನ್ನಡದಲ್ಲಿ ಇರಬಹುದು. ನುಡಿಯ ಹಳೆ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಆಗುತ್ತೆ. ಹಾಗಾಗಿ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಪಿಪಿಟಿಯನ್ನೇ ಕಳಿಸಬೇಕಿದ್ದರೆ ಸೇವ್ ಆಯ್ಕೆಗಳಲ್ಲಿ ಫಾಂಟನ್ನು ಫೈಲಿನೊಳಗೆ ಸೇರಿಸುವ ಗುರುತು ಹಾಕಿ. ಪಿಡಿಎಫ್ ಆದರೆ ಈ ತೊಂದರೆ ಕಡಿಮೆ.

ಮುಗಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ನೋಡಿ ಸುಮ್ಮನಾಗಬೇಡಿ. ಪಿಡಿಎಫನ್ನು ಒಂದು ಮೊಬೈಲಿನಲ್ಲಿ, ಸಾಧ್ಯ ಆದರೆ ಮನೆ ಟಿವಿಯಲ್ಲಿ ತೆರೆದು ಆರು ಹೆಜ್ಜೆ ದೂರ ನಿಂತು ಓದಿ. ಓದಲು ಆಗದಿದ್ದರೆ ಅಲ್ಲೂ ಆಗಲ್ಲ.

ಕ್ಯುಆರ್ ಕೋಡ್ ಹಾಕುವವರು ಒಮ್ಮೆ ಸ್ಕ್ಯಾನ್ ಮಾಡಿ ನೋಡಲೇಬೇಕು. ಕೆಲವು ಉಚಿತ ಸೈಟುಗಳ ಕೋಡ್ ಕೆಲ ದಿನ ಆದ ಮೇಲೆ ಕೆಲಸ ಮಾಡಲ್ಲ. ಅಂಗಡಿಯ ಯುಪಿಐ ಸ್ಟಿಕ್ಕರ್‌ನಂತೆ ಬದಲಾಗದೆ ಉಳಿಯುವ ಕೋಡ್ ಬೇಕು ಅಂದರೆ 'ಸ್ಟ್ಯಾಟಿಕ್' ಆಯ್ಕೆ ಮಾಡಿ.

ಅಪ್‌ಲೋಡ್: ಸೇವ್ ಬೇರೆ, ಸಬ್ಮಿಟ್ ಬೇರೆ

ಫೈಲ್ ಹಾಕಿ ಸೇವ್ ಒತ್ತಿದರೆ ಕೆಲವು ಸೈಟುಗಳಲ್ಲಿ ಅದು ಡ್ರಾಫ್ಟ್ ಆಗಿ ಮಾತ್ರ ಉಳಿಯುತ್ತೆ. ಸಬ್ಮಿಟ್ ಒತ್ತಿ, ಖಾತ್ರಿ ಮೇಲ್ ಬಂದಿದೆಯಾ ನೋಡಿ. ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ. ಆಮೇಲೆ ಹಾಕಿದ ಫೈಲನ್ನೇ ಮತ್ತೆ ಡೌನ್‌ಲೋಡ್ ಮಾಡಿ ತೆರೆದು ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ವಿದೇಶದ ಸಮ್ಮೇಳನವಾದರೆ ಗಂಟೆಯ ಲೆಕ್ಕ ಬೇರೆ. ಗ್ರೀನಿಚ್ ಸಮಯ ರಾತ್ರಿ 11.59 ಅಂದರೆ ನಮಗೆ ಮರುದಿನ ಬೆಳಗಿನ ಜಾವ 5.29. 'ಭೂಮಿಯ ಮೇಲೆ ಎಲ್ಲಾದರೂ' ಅನ್ನುವ ಲೆಕ್ಕದಲ್ಲಿ ರಾತ್ರಿ 11.59 ಅಂದಿದ್ದರೆ ನಮ್ಮಲ್ಲಿ ಮರುದಿನ ಸಂಜೆ 5.29. ಹಾಗಂತ ಕೊನೇ ಗಂಟೆವರೆಗೆ ಕಾಯೋದು ಬೇಡ. ಕರೆಂಟು, ನೆಟ್‌ವರ್ಕು ನಮ್ಮ ಮಾತು ಕೇಳಲ್ಲ. ಎರಡು ದಿನ ಮೊದಲೇ ಮುಗಿಸಿ.

ಅಂಗಡಿಯವರು ಗಮನಿಸಬೇಕಾದ್ದು

ಇದು ಅಂಗಡಿಗಳಿಗೂ ಒಂದು ಹೊಸ ಕೆಲಸ. ಶೀಟ್ ಖರ್ಚಿಲ್ಲ, ಆದರೆ ಟೈಮ್ ಹಿಡಿಯುತ್ತೆ. ಎಷ್ಟು ಸಲ ತಿದ್ದಿಕೊಡುತ್ತೀರಿ, ದರ ಎಷ್ಟು ಅಂತ ಮೊದಲೇ ಮಾತಾಡಿಕೊಂಡರೆ ಜಗಳ ಇಲ್ಲ. ಗ್ರಾಫಿನ ಅಂಕಿ, ದಶಮಾಂಶದ ಚುಕ್ಕಿ, ಮಾನದ ಹೆಸರು ಇವನ್ನು ಚೆಂದ ಕಾಣಲಿ ಅಂತ ಬದಲಿಸಬಾರದು. 1.5 ಹೋಗಿ 15 ಆದರೆ ಅಧ್ಯಯನವೇ ಸುಳ್ಳಾಗುತ್ತೆ. ಗ್ರಾಹಕರ ಪಾಸ್‌ವರ್ಡನ್ನು ಅವರೇ ಹಾಕಲಿ, ಕೆಲಸ ಮುಗಿದ ಮೇಲೆ ಲಾಗ್ಔಟ್ ಮಾಡಿಸಿ, ರೋಗಿಗಳ ಮಾಹಿತಿ ಇರುವ ಫೈಲ್ ಡೆಸ್ಕ್‌ಟಾಪಿನಲ್ಲಿ ಬಿಡಬೇಡಿ.

ಸಮ್ಮೇಳನವೇ ನಕಲಿ ಇದ್ದರೆ?

ದುಡ್ಡು ಕಟ್ಟುವ ಪೋಷಕರು ಇದನ್ನು ಓದಲೇಬೇಕು. ಸಾರಾಂಶ ಕಳಿಸಿದ ಒಂದೇ ದಿನದಲ್ಲಿ ಒಪ್ಪಿಗೆ, ವಿಷಯಕ್ಕೆ ಸಂಬಂಧವೇ ಇಲ್ಲದವರಿಗೂ "ಗೌರವಾನ್ವಿತ ವಿಜ್ಞಾನಿಗಳೇ" ಅಂತ ಮೇಲ್, ಶುಲ್ಕ ಯಾರದೋ ಸ್ವಂತ ಖಾತೆಗೆ, ಸಮಿತಿಯಲ್ಲಿ ಇರುವವರ ಕಾಲೇಜು ಹೆಸರೇ ಇಲ್ಲ, ಒಂದೇ ಹೋಟೆಲಿನಲ್ಲಿ ಒಂದೇ ದಿನ ಹತ್ತಾರು ವಿಷಯದ ಸಮ್ಮೇಳನ: ಇವು ಅನುಮಾನ ಪಡಬೇಕಾದ ಗುರುತುಗಳು. ಸಂಘ ಯಾವುದು, ಹಿಂದಿನ ವರ್ಷ ಎಲ್ಲಿ ನಡೆಯಿತು, ಗೈಡ್‌ಗೆ ಗೊತ್ತಿದೆಯಾ ಅಂತ ಕೇಳಿ. ಉತ್ತರ ಸಿಗದಿದ್ದರೆ ದುಡ್ಡು ಕಟ್ಟಬೇಡಿ.

ಪೋಸ್ಟರ್ ಊರಿಗೂ ಬರಲಿ

ಪೋಸ್ಟರ್ ಸಮ್ಮೇಳನದಲ್ಲಿ ತೋರಿಸಿದ ಮೇಲೆ ಫೈಲ್ ಅಲ್ಲಿಗೇ ನಿಲ್ಲಬೇಕಾಗಿಲ್ಲ. ಆಯೋಜಕರ ನಿಯಮ ನೋಡಿಕೊಂಡು, ಗೈಡ್ ಅನ್ನು ಕೇಳಿ, ಅದೇ ಫಲಿತಾಂಶವನ್ನು ಕನ್ನಡದಲ್ಲಿ ಒಂದು ಪುಟ ಮಾಡಿ ಗ್ರಾಮ ಪಂಚಾಯ್ತಿಗೆ, ಶಾಲೆಗೆ ಕೊಡಬಹುದು. ಫ್ಲೋರೈಡ್ ಜಾಸ್ತಿ ಇರುವ ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಇಷ್ಟು ವಿಷಯ ಗೊತ್ತಿಲ್ಲದ ಮನೆಗಳು ಇವತ್ತೂ ಇವೆ. ಯಾವ ಬೋರ್‌ವೆಲ್ಲಿನಿಂದ ಬಾಟಲಿ ತುಂಬಿಕೊಂಡು ಹೋಗಿದ್ದರೋ, ಅದರ ನೀರು ಕುಡಿಯುವವರಿಗೆ ಆ ಉತ್ತರ ಮೊದಲು ತಲುಪಬೇಕು. ಆ ಒಂದು ಪುಟಕ್ಕೆ ಫ್ಲೆಕ್ಸೇ ಸರಿ. ಎಷ್ಟು ಅಡಿ ಅಂತ ಅಂಗಡಿಯವರು ಧಾರಾಳವಾಗಿ ಕೇಳಬಹುದು.