‘ಎಲೆ ಬಿದ್ದ ಮೇಲೆ ರೇಸ್ ಮಾಡೋಣ’ ಎಂಬ ತಪ್ಪು

ಪೋಕರ್ ಟೇಬಲ್ಲುಗಳಲ್ಲಿ ಪದೇ ಪದೇ ಕೇಳಿಬರುವ ಬುದ್ಧಿಮಾತು ಇದು: ಡ್ರಾ ಅಂದರೆ ಇನ್ನೂ ಆಗದ ಕೈ, ಸುಮ್ಮನೆ ಕಾಲ್ ಮಾಡಿಕೊಂಡು ಕಾಯಿ, ಎಲೆ ಬಿದ್ದ ಮೇಲೆ ರೇಸ್ ಮಾಡು. ಕೇಳಲು ಜಾಣತನದ ಮಾತೇ. ವರ್ಷಗಟ್ಟಲೆ ಆಡಿದವರೂ ಹೊಸಬರಿಗೆ ಇದನ್ನೇ ಹೇಳಿಕೊಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಒಂದು ಸಲ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದ್ದರೆ ಈ ಮಾತು ಎಷ್ಟು ದುಡ್ಡು ನುಂಗುತ್ತದೆ ಎಂದು ಅವರಿಗೇ ಗೊತ್ತಾಗುತ್ತಿತ್ತು.

ಒಂದು ಕೈ ನೋಡಿ. ನಿಮ್ಮಲ್ಲಿ ಆಟೀನಿನ ಒಂಬತ್ತು, ಎಂಟು. ಫ್ಲಾಪಿನಲ್ಲಿ ಆಟೀನು ರಾಜ, ಆಟೀನು ಏಳು, ಕಳಾವರ ಆರು. ಎದುರಾಳಿಯ ಹತ್ತಿರ ಎಕ್ಕ, ರಾಜ. ಯಾರನ್ನು ಕೇಳಿದರೂ ಅವನೇ ಮುಂದಿದ್ದಾನೆ ಅನ್ನುತ್ತಾರೆ. ಈಗ ಎಣಿಸಿ: ಫ್ಲಶ್ ಕೂಡಿಸುವ ಆಟೀನು 9, ಸ್ಟ್ರೇಟ್ ಕೂಡಿಸುವ ಹತ್ತು ಮತ್ತು ಐದು ಸೇರಿ 8, ಎರಡರಲ್ಲೂ ಲೆಕ್ಕಕ್ಕೆ ಬಂದ 2 ಕಳೆದರೆ 15 ಎಲೆ. ಕಣ್ಣಿಗೆ ಕಾಣದ 47 ಎಲೆಗಳಲ್ಲಿ 15 ನಿಮ್ಮವು. ಟರ್ನ್, ರಿವರ್ ಎರಡೂ ಮುಗಿಯುವಷ್ಟರಲ್ಲಿ ಕೈ ಕೂಡುವ ಸಾಧ್ಯತೆ ಶೇ. 54. ಜೋಡಿ ರಾಜನ ಎದುರು ನೀವೇ ಮೇಲು. ಇಂಥ ಕೈ ಹಿಡಿದುಕೊಂಡು ಮುದುರಿ ಕೂರುವುದನ್ನು ತಾಳ್ಮೆ ಎನ್ನಲಾಗದು.

ಅಷ್ಟು ದೊಡ್ಡ ಡ್ರಾ ದಿನಾ ಬರುವುದಿಲ್ಲ, ನಿಜ. ಬರೀ ಫ್ಲಶ್ ಡ್ರಾ ತೆಗೆದುಕೊಳ್ಳೋಣ, 9 ಎಲೆ, ರಿವರ್‌ವರೆಗೆ ಶೇ. 35. ಪಾಟ್‌ನಲ್ಲಿ 1,000 ಇದೆ. ಇಬ್ಬರ ಮುಂದೆಯೂ 3,000. ಎದುರಾಳಿ 600 ಬೆಟ್ ಮಾಡಿದ. ಕಾಲ್ ಮಾಡಿದರೆ 600 ಕೊಟ್ಟು 1,600ಕ್ಕೆ ಕೈ ಚಾಚಿದಂತೆ. ಅದಕ್ಕೆ ಬೇಕಾದದ್ದು ಶೇ. 27. ಮುಂದಿನ ಒಂದೇ ಎಲೆಯಲ್ಲಿ ನಿಮಗಿರುವುದು ಶೇ. 19. ಉಳಿದದ್ದನ್ನು ಫ್ಲಶ್ ಬಿದ್ದ ಮೇಲೆ ಅವನಿಂದ ವಸೂಲು ಮಾಡಬೇಕು. ಮೂರನೇ ಆಟೀನು ಬಿದ್ದದ್ದು ಅವನಿಗೂ ಕಾಣುತ್ತದೆ. ಅಲ್ಲಿಂದಾಚೆ ಅವನು ದುಡ್ಡು ಬಿಚ್ಚುವುದಿಲ್ಲ. ಕಾದು ಕಾದು ಕೂಡಿಸಿಕೊಂಡ ಕೈಗೆ ಸಿಗುವುದು ಪುಡಿಗಾಸು.

ಅದೇ ಜಾಗದಲ್ಲಿ ಆಲ್‌ಇನ್ ಹೋಗಿ. ಅವನು ಫೋಲ್ಡ್ ಮಾಡಿದರೆ 1,600 ಆಗಲೇ ನಿಮ್ಮದು. ಕಾಲ್ ಮಾಡಿದರೆ ಪಾಟ್ 7,000. ಅದರಲ್ಲಿ ನಿಮ್ಮ ಶೇ. 35 ಪಾಲು ಅಂದರೆ 2,450. ಹಾಕಿದ್ದು 3,000, ಸರಾಸರಿ ನಷ್ಟ 550. ರೇಕ್ ಬಿಟ್ಟು ಲೆಕ್ಕ ಹಾಕಿದರೆ, ಅವನು ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಸಲ ಫೋಲ್ಡ್ ಮಾಡಿದರೆ ಸಾಕು, ನೀವು ಲಾಭದಲ್ಲಿ. ಕೈಯಲ್ಲಿ ಏನೂ ಇಲ್ಲದೆ ಅದೇ ಬ್ಲಫ್ ಮಾಡಿದ್ದರೆ ಮೂರರಲ್ಲಿ ಎರಡು ಸಲ ಫೋಲ್ಡ್ ಬೇಕಾಗುತ್ತಿತ್ತು. ಒಳ್ಳೆಯ ಡ್ರಾದ ಬೆಲೆ ಈ ವ್ಯತ್ಯಾಸದಲ್ಲಿದೆ, ಮತ್ತು ಅದು ಇರುವುದು ಎಲೆ ಬೀಳುವ ಮೊದಲು ಮಾತ್ರ. ಪೋಕರ್ ಲೇಖಕ ಡೇವಿಡ್ ಸ್ಕ್ಲಾನ್ಸ್‌ಕಿ ಇದಕ್ಕೆ ಸೆಮಿ ಬ್ಲಫ್ ಎಂದು ಹೆಸರಿಟ್ಟು, ವಿವರವಾಗಿ ಬರೆದು ದಶಕಗಳೇ ಆದವು. ಇನ್ನೂ ಇದನ್ನು ಹುಂಬತನ ಅನ್ನುವವರಿದ್ದಾರೆ.

‘ಸೋತರೆ ಎಲ್ಲ ಹೋಯಿತಲ್ಲ’ ಎಂಬ ಹೆದರಿಕೆ ಟೂರ್ನಮೆಂಟಿನಿಂದ ಬಂದದ್ದು. ಅಲ್ಲಿ ಚಿಪ್ಸ್ ಮುಗಿದರೆ ಎದ್ದು ಹೋಗಬೇಕು, ಉಳಿದುಕೊಳ್ಳುವುದಕ್ಕೇ ಒಂದು ಬೆಲೆ ಇದೆ. ಕ್ಯಾಶ್ ಟೇಬಲ್ಲಿನಲ್ಲಿ ಚಿಪ್ಸ್ ಅಂದರೆ ದುಡ್ಡು, ಅಷ್ಟೇ. ಲಾಭದ ಬೆಟ್ ಲಾಭದ ಬೆಟ್ಟೇ. ಆದರೆ ಈ ರೀತಿ ಆಡುವವರ ದುಡ್ಡು ಜೋರಾಗಿ ಏರಿಳಿಯುತ್ತದೆ. ಅದನ್ನು ತಡೆದುಕೊಳ್ಳಲಾಗದಷ್ಟು ದೊಡ್ಡ ಟೇಬಲ್ಲಿನಲ್ಲಿ ಕೂರಲೇಬಾರದು.

ಇನ್ನು ಇದನ್ನೇ ಅರ್ಧ ಕೇಳಿಕೊಂಡು ಸಿಕ್ಕ ಸಿಕ್ಕ ಡ್ರಾಕ್ಕೆಲ್ಲ ಆಲ್‌ಇನ್ ಹೋಗುವವರು. ಮಧ್ಯದ ಒಂದೇ ಎಲೆ ಬೇಕಾದ ಸ್ಟ್ರೇಟ್‌ಗೆ ಇರುವುದು 4 ಎಲೆ, ರಿವರ್‌ವರೆಗೆ ಶೇ. 16ರ ಆಸುಪಾಸು. ಅದು ಬಲವಾದ ಡ್ರಾ ಅಲ್ಲ. ಮೂರು ನಾಲ್ಕು ಜನ ಪಾಟ್‌ನಲ್ಲಿದ್ದಾಗ ಎಲ್ಲರೂ ಫೋಲ್ಡ್ ಮಾಡುವುದೂ ಇಲ್ಲ. ಸಣ್ಣ ಜೋಡಿ ಸಿಕ್ಕರೂ ಬಿಡದವನೊಬ್ಬ ಇರುತ್ತಾನೆ. ಮೇಲಿನ ಲೆಕ್ಕದಿಂದ ಫೋಲ್ಡ್ ತೆಗೆದುಹಾಕಿದರೆ ಉಳಿಯುವುದು 550ರ ನಷ್ಟ. ಅವನೆದುರು ಮಾತ್ರ ಕಾಯುವುದೇ ಸರಿ, ಏಕೆಂದರೆ ಕೈ ಕೂಡಿದ ಮೇಲೂ ಅವನು ದುಡ್ಡು ಕೊಡುತ್ತಾನೆ.

ಸೂಟೆಡ್ ಎರಡು ಎಲೆ ಸಿಕ್ಕರೆ ಬಿಡಬಾರದು ಅನ್ನುತ್ತಾರೆ. ಅದು ಫ್ಲಾಪಿನಲ್ಲಿ ಫ್ಲಶ್ ಡ್ರಾ ಆಗುವುದು ನೂರಕ್ಕೆ ಹನ್ನೊಂದು ಸಲ. ‘ಮೂರು ಸಲ ತಪ್ಪಿದೆ, ಈ ಸಲ ಬಂದೇ ಬರುತ್ತದೆ’ ಅನ್ನುವವರು, ಪ್ರತಿ ಕೈಗೂ ಎಲೆ ಹೊಸದಾಗಿ ಕಲೆಸುತ್ತಾರೆ ಎಂಬುದನ್ನೇ ಮರೆಯುತ್ತಾರೆ.

ಡ್ರಾ ತಪ್ಪಿದಾಗಲೆಲ್ಲ ಸೈಟ್ ಮೋಸ ಎಂಬ ಕೂಗು ಬೇರೆ. ಆನ್‌ಲೈನ್‌ನಲ್ಲಿ ಗಂಟೆಗೆ ಆಡುವ ಕೈಗಳು ಹೆಚ್ಚು, ಹಾಗಾಗಿ ಕೈ ತಪ್ಪಿದ ನೋವೂ ಹೆಚ್ಚು ಸಲ. ಮೋಸ, ದೋಷ ಇರಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1999ರಲ್ಲಿ ಅಮೆರಿಕದ ಪ್ರೋಗ್ರಾಮರ್‌ಗಳು ಆನ್‌ಲೈನ್ ಪೋಕರ್‌ಗೆ ಪ್ರೋಗ್ರಾಂ ಒದಗಿಸುತ್ತಿದ್ದ ಎಎಸ್‌ಎಫ್ ಸಾಫ್ಟ್‌ವೇರ್ ಕಂಪನಿಯ ಎಲೆ ಕಲೆಸುವ ಕೋಡ್ ಓದಿ, ಮುಂದೆ ಬೀಳುವ ಎಲೆಗಳನ್ನು ಮೊದಲೇ ಹೇಳಿ ತೋರಿಸಿದರು. 2007ರಲ್ಲಿ ಆಬ್ಸಲ್ಯೂಟ್ ಪೋಕರ್ ಸೈಟ್‌ನಲ್ಲಿ ಎದುರಾಳಿಗಳ ಎಲೆ ನೋಡುತ್ತಿದ್ದ ಖಾತೆಯೊಂದು ಆಟಗಾರರು ಕೈಗಳ ದಾಖಲೆ ಜಾಲಾಡಿದಾಗ ಬಯಲಾಯಿತು. ಎರಡೂ ಕಡೆ ಸಿಕ್ಕಿದ್ದು ಪುರಾವೆ. ನಮ್ಮಲ್ಲಿ ಒಂದು ರಿವರ್ ತಪ್ಪಿದರೆ ಅದೇ ಪುರಾವೆ ಆಗಿಬಿಡುತ್ತದೆ. ಸ್ಕ್ರೀನ್‌ಶಾಟ್ ಹಾಕಿದವನನ್ನು ನಂಬುವ ಜನ ಸಾವಿರ ಕೈಗಳ ದಾಖಲೆ ತೋರಿಸುವವನನ್ನು ನಂಬುವುದಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಕೌಶಲವೋ ಅದೃಷ್ಟವೋ ಎಂದು ನೋಡದೆ, ನಿಷೇಧಿಸಿತು. ಹೀಗಾಗಿ ಇಲ್ಲಿ ಆನ್‌ಲೈನ್‌ನಲ್ಲಿ ಕಲಿಯುವವರ ಪಾಲಿಗೆ ಉಳಿದದ್ದು ಪುಕ್ಕಟೆ ಚಿಪ್ಸ್ ಟೇಬಲ್ಲು. ಅಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ, ಆದ್ದರಿಂದ ಫೋಲ್ಡ್ ಮಾಡುವವರೇ ಅಪರೂಪ. ಎರಡು ದಿನ ಅಲ್ಲಿ ಆಡಿ ‘ಡ್ರಾ ಇಟ್ಟುಕೊಂಡು ರೇಸ್ ಮಾಡುವುದು ದಂಡ’ ಎಂದು ತೀರ್ಮಾನಿಸುವವರು ಫೋಲ್ಡ್ ಇಲ್ಲದ ಜಾಗದಲ್ಲಿ ಫೋಲ್ಡ್‌ನ ಬೆಲೆ ಅಳೆಯುತ್ತಿದ್ದಾರೆ.