ನೀರು ಸೋರದ ಜರಡಿ

ಪತ್ರೊಡೆಗೆಂದು ಕೆಸುವಿನ ಎಲೆ ತೊಳೆದವರಿಗೆ ಗೊತ್ತು, ಎಷ್ಟು ನೀರು ಸುರಿದರೂ ಎಲೆ ಒದ್ದೆಯಾಗುವುದಿಲ್ಲ. ನೀರು ಪಾದರಸದ ಹಾಗೆ ಗುಂಡಗಾಗಿ ಉರುಳಿ ಹೋಗುತ್ತದೆ. ಅದೇ ಎಲೆಯ ಮೇಲೆ ಅಡುಗೆ ಎಣ್ಣೆಯ ಹನಿ ಬಿದ್ದರೆ ಮಾತ್ರ ಹರಡಿ ಅಂಟಿಕೊಳ್ಳುತ್ತದೆ. ಎಲೆಯ ತುಂಬ ಕಣ್ಣಿಗೆ ಕಾಣದ ಉಬ್ಬುಗಳು, ಅವುಗಳಿಗೆ ಮೇಣದ ಲೇಪ. ನೀರು ಕೂರುವುದು ಉಬ್ಬುಗಳ ತುದಿಯ ಮೇಲಷ್ಟೆ, ಅಡಿಯಲ್ಲಿರುವುದು ಗಾಳಿ.

ಎಣ್ಣೆ, ನೀರು ಬೇರ್ಪಡಿಸಲು ಈ ಗುಣವನ್ನು ಸ್ಟೀಲ್ ಬಲೆಗೆ ತೊಡಿಸಿದರೆ? ಬೀಜಿಂಗ್‌ನಲ್ಲಿ ಲೇ ಜಿಯಾಂಗ್ ಅವರ ತಂಡ 2004ರಲ್ಲಿ ಮಾಡಿದ್ದು ಅದನ್ನೇ. ಲೇಪಕ್ಕೆ ಬಳಸಿದ್ದು ಟೆಫ್ಲಾನ್, ನಮ್ಮ ನಾನ್‌ಸ್ಟಿಕ್ ಕಾವಲಿಯ ಮೇಲಿರುವಂಥದ್ದೇ. ಡೀಸೆಲ್ ಸುರಿದರೆ ಬಲೆ ಹೀರಿ ಕೆಳಗಿಳಿಸಿತು. ನೀರು ಮೇಲೆಯೇ ಮುತ್ತಾಗಿ ನಿಂತಿತು.

ರವೆ-ಹಿಟ್ಟು ಬೇರೆ ಮಾಡುವ ಜರಡಿ ಗಾತ್ರ ನೋಡುತ್ತದೆ. ಇಲ್ಲಿ ಗಾತ್ರದ ಮಾತೇ ಇಲ್ಲ. ಬಲೆಯ ಕಣ್ಣು ನೀರಿನ ಅಣುವಿಗಿಂತ ಲಕ್ಷಾಂತರ ಪಟ್ಟು ದೊಡ್ಡದು. ತಂತಿ ನೀರನ್ನು ಹತ್ತಿರ ಸೇರಿಸದಿದ್ದಾಗ ಅದು ಕಣ್ಣಿನೊಳಗೆ ಹೊಟ್ಟೆಯಂತೆ ಕೆಳಕ್ಕೆ ಉಬ್ಬುತ್ತದೆ. ಮೇಲ್ಮೈ ಎಳೆತ ಬಿಗಿದ ಚರ್ಮದಂತೆ ಆ ಹೊಟ್ಟೆಯನ್ನು ಎತ್ತಿ ಹಿಡಿಯುತ್ತದೆ. ಕಣ್ಣು 0.1 ಮಿಲಿಮೀಟರ್ ಇದ್ದರೆ, ಲೆಕ್ಕದ ಪ್ರಕಾರ, ಸುಮಾರು ಒಂದು ಗೇಣು ಎತ್ತರದ ನೀರನ್ನು ಅದು ತಡೆದೀತು. ಅದಕ್ಕಿಂತ ಹೆಚ್ಚಾದರೆ ಹೊಟ್ಟೆ ಒಡೆಯುತ್ತದೆ. ಎಣ್ಣೆಯ ಮೇಲ್ಮೈ ಎಳೆತ ನೀರಿನದರ ಅರ್ಧಕ್ಕಿಂತ ಕಡಿಮೆ. ಅದು ತಂತಿಗೆ ಅಂಟಿ, ಹರಿದು, ತೊಟ್ಟಿಕ್ಕುತ್ತದೆ.

ತೊಡಕು ಇರುವುದು ಬೇರೆ ಕಡೆ. ಎಣ್ಣೆ ಹಗುರ, ನೀರು ಭಾರ. ಮಿಶ್ರಣ ಸುರಿದ ಸ್ವಲ್ಪ ಹೊತ್ತಿಗೆ ನೀರು ಕೆಳಗಿಳಿದು ಬಲೆಯ ಮೇಲೆ ಮಲಗುತ್ತದೆ, ಎಣ್ಣೆಗೆ ದಾರಿಯೇ ಇಲ್ಲ. ಹಾಗಾಗಿ 2011ರಲ್ಲಿ ಬೀಜಿಂಗ್‌ನಲ್ಲೇ ಆಟವನ್ನು ತಿರುಗಿಸಿದರು. ಈ ಸಲ ಗುರು ಮೀನಿನ ಹುರುಪೆ. ನೀರನ್ನು ಹೀರಿ ಹಿಡಿದಿಡುವ ಜೆಲ್ ಲೇಪಿಸಿದ ಬಲೆ ಮೊದಲೇ ಒದ್ದೆಯಾಗಿರುತ್ತದೆ; ಎಣ್ಣೆಗೆ ಅಂಟಲು ಜಾಗವಿಲ್ಲ. ನೀರು ಇಳಿಯುತ್ತದೆ, ಎಣ್ಣೆ ಮೇಲುಳಿಯುತ್ತದೆ. ನನಗೆ ಇದೇ ಹೆಚ್ಚು ಜಾಣತನ ಅನ್ನಿಸುತ್ತದೆ.

ಹಾಗೆಂದು ಎಲ್ಲ ಕಡೆ ಇದು ನಡೆಯದು. 2017ರ ಜನವರಿಯಲ್ಲಿ ಚೆನ್ನೈ ಬಳಿ ಎಣ್ಣೂರಿನಲ್ಲಿ ಹಡಗುಗಳು ಡಿಕ್ಕಿಯಾಗಿ ತೈಲ ಚೆಲ್ಲಿದಾಗ ಜನ ಬಕೆಟ್‌ಗಳಲ್ಲಿ ಮೊಗೆದಿದ್ದರು. ಡಾಂಬರಿನಂಥ ಆ ಮಡ್ಡಿ ಇಂಥ ನಾಜೂಕು ಬಲೆಯ ಕಣ್ಣನ್ನೇ ಮುಚ್ಚಿಬಿಡುತ್ತದೆ.

ಮನೆಯಲ್ಲೇ ನೋಡಬೇಕೆ? ಹಳೆಯ ತಂತಿ ಜರಡಿಯನ್ನು ಕರಗಿದ ಮೇಣದಬತ್ತಿಯಲ್ಲಿ ಅದ್ದಿ, ಕೊಡವಿ, ಕಣ್ಣುಗಳು ತೆರೆದಿವೆಯೆಂದು ಖಚಿತಪಡಿಸಿಕೊಳ್ಳಿ. ಒಳಗೊಂದು ಕಾಗದವಿಟ್ಟು ಮೆಲ್ಲಗೆ ನೀರು ಬಿಡಿ; ಕಾಗದ ತೆಗೆದರೂ ನೀರು ನಿಲ್ಲುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಹಾಕಿ ನೋಡಿ. ಕೆಳಗೆ ಬೋಗುಣಿ ಇಟ್ಟಿರಿ.